ಇಪ್ಪತ್ತು ಕೆಜಿ ಇಳಿಸಿ ಬರೆದದ್ದು

ಎಂಬತ್ನಾಲ್ಕನೇ ಇಸವಿಯಲ್ಲಿ ಮೈತೂಕದ ಲೆಕ್ಕ ತೆಗೆಯುವ ಕೆಲಸ ಆರೋಗ್ಯ ಸಹಾಯಕಿ ಪ್ರೇಮಮ್ಮನ ಕೊರಳಿಗೆ ಬಿತ್ತು. ಯಾವ ಊರಿನಲ್ಲಿ, ಯಾವ ಕಸುಬಿನವರಲ್ಲಿ ಎಷ್ಟು ಜನಕ್ಕೆ ಬೊಜ್ಜು ಎಂದು ಮನೆಮನೆಗೆ ತೂಕದ ಮಿಷನ್ ಹೊತ್ತು ಬರೆದು ತರಬೇಕು. ಎಪ್ಪತ್ತು ಕೆಜಿ ದಾಟಿದ ಹೆಂಗಸರನ್ನು ವೈದ್ಯರು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಕರೆಸುತ್ತಿದ್ದರು.

ಜಗಳೂರು ಕಡೆಯ ಬಿಳಿಚೋಡಿನಲ್ಲಿ ಕೆಲಸ ಬೇಗ ಮುಗಿಯಿತು. ಕುರಿ, ಹೊಲ ಎಂದು ದಿನವಿಡೀ ಓಡಾಡುವ ಅರವತ್ತು ಹೆಂಗಸರಲ್ಲಿ ಎಪ್ಪತ್ತರ ಮಾತಿರಲಿ, ಐವತ್ತು ಮುಟ್ಟಿದವರೇ ನಾಲ್ವರು. ಮೂವತ್ತೆಂಟು ತೂಗಿದ ಗಾದ್ರಮ್ಮ ಎಂಬಾಕೆ, "ಇನ್ನೊಂಚೂರು ಜಾಸ್ತಿ ಬರೀರಿ ಅಕ್ಕಾ, ಗಂಡನ ಮನಿಯಾಗೆ ಉಣ್ಣಾಕೆ ಇಲ್ಲ ಅಂದ್ಕೊಂತಾರೆ" ಎಂದಳು. ಪ್ರೇಮಮ್ಮ ಇದ್ದದ್ದನ್ನೇ ಬರೆದಳು.

ಚನ್ನಗಿರಿಯ ಅಡಿಕೆ ವ್ಯಾಪಾರಿಗಳ ಓಣಿಯಲ್ಲಿ ಮಾತ್ರ ಅವಳ ಪೆನ್ನು ಮೆತ್ತಗಾಯಿತು. ಅಲ್ಲಿ ಮೈ ತುಂಬಿದ ಸೊಸೆಯೆಂದರೆ ಮನೆಗೊಂದು ಕಳೆ, ಅವಳ ತೂಕವನ್ನು ಹೊರಗಿನವರಿಗೆ ಹೇಳಿದರೆ ದೃಷ್ಟಿ ತಾಗುತ್ತದೆ. ಅನ್ನಪೂರ್ಣಮ್ಮನವರ ಸೊಸೆ ರುದ್ರಾಣಿ, ಮೂವತ್ತೆರಡರ ಹೆಂಗಸು, ಏದುಸಿರು ಬಿಡುತ್ತಾ ಮಿಷನ್ ಹತ್ತಿದಳು. ಮುಳ್ಳು ಎಂಬತ್ತೆಂಟಕ್ಕೆ ನಿಂತಿತು.

"ಇಪ್ಪತ್ತು ಇಳಿಸಿ ಬರೀರಿ ಪ್ರೇಮಮ್ಮ. ನಮ್ಮ ಹುಡುಗಿಗೆ ಕಣ್ಣಾಗಾದು ಬ್ಯಾಡ," ಎಂದರು ಅತ್ತೆ, ಹೋಳಿಗೆಗೆ ತುಪ್ಪ ಬಡಿಸುತ್ತಾ.

ಉಂಡ ಮನೆಯಲ್ಲಿ ಇಲ್ಲವೆನ್ನಲು ಪ್ರೇಮಮ್ಮನಿಗೆ ನಾಲಿಗೆ ಏಳಲಿಲ್ಲ. ಅರವತ್ತೆಂಟು ಎಂದು ಬರೆದಳು. ಎಪ್ಪತ್ತು ದಾಟಿದರೆ ಪರೀಕ್ಷೆ ಎಂಬುದು ಅತ್ತೆಗೆ ಗೊತ್ತಿರಲಿಲ್ಲ, ಇವಳಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡವರ ಮನೆ ಎಂದರೆ ನಮ್ಮ ನೌಕರರ ಬೆನ್ನು ತಾನಾಗಿಯೇ ಬಗ್ಗುತ್ತದೆ, ಯಾರೂ ಆದೇಶ ಕೊಡಬೇಕಿಲ್ಲ. ಓಣಿಯ ಉಳಿದ ಮನೆಗಳಲ್ಲೂ ಇದೇ ನಡೆಯಿತು.

ಏಳೆಂಟು ತಿಂಗಳು ಕಳೆದಿರಬೇಕು. ಹೊಸ್ತಿಲು ಎಡವಿ ರುದ್ರಾಣಿಯ ಹೆಬ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ಅರಿಸಿನ ಹಚ್ಚಿದರು, ಸೊಪ್ಪಿನ ರಸ ಹಿಂಡಿದರು. ದಾವಣಗೆರೆಗೆ ಒಯ್ಯುವಷ್ಟರಲ್ಲಿ ಪಾದ ಕಪ್ಪಾಗಿತ್ತು. ಸಕ್ಕರೆ ಕಾಯಿಲೆ ಬಂದು ಎಷ್ಟು ಕಾಲವಾಯಿತೋ ಎಂದ ಅಲ್ಲಿನ ವೈದ್ಯರು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಸುದ್ದಿ ಕೇಳಿ ಪ್ರೇಮಮ್ಮ ಸಿಕ್ಕ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ಮಂಚದ ಪಕ್ಕದಲ್ಲಿ ಅನ್ನಪೂರ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು.

"ಎಪ್ಪತ್ತು ದಾಟಿದೋರನ್ನ ಪರೀಕ್ಷೆಗೆ ಕರೆದಿದ್ರಂತೆ, ಹೌದೇನ್ರಿ?" ರುದ್ರಾಣಿ ಕೇಳಿದಳು.

"ಹೌದ್ರಿ. ನಿಮ್ಮ ಹೆಸರು ಬಿಟ್ಟು ಹೋಗಿದ್ದು ನನ್ನಿಂದ."

"ಹಂಗೆ ಬರೆಸಿದ್ದು ನಾನು," ಎಂದರು ಅನ್ನಪೂರ್ಣಮ್ಮ.

ರುದ್ರಾಣಿ ಇಬ್ಬರ ಮುಖವನ್ನೂ ನೋಡಲಿಲ್ಲ. ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದ ಜಾಗವನ್ನೇ ನೋಡುತ್ತಾ ಕೇಳಿದಳು.

"ನಮ್ಮ ಓಣಿಯಾಗೆ ಇನ್ನೆಷ್ಟು ಮಂದೀದು ಹಿಂಗೆ ಬರೆದೀರಿ?"

"ಹನ್ನೊಂದು ಮಂದೀದು."

"ಮತ್ತೆ ಇಲ್ಲಿ ಯಾಕೆ ಕುಂತೀರಿ? ಹೋಗ್ರಿ."