ಕುಂಡದ ಅಜೀರ್ಣ

"ಮಾವ, ಏನ್ ಮಾಡ್ತಿದೀರಾ?"

ಶಿವರಂಜನಿ ಕೇಳಿದ್ದೇ ತಡ, ಗುರುಸಿದ್ದಯ್ಯನವರು ಮುಷ್ಟಿಯನ್ನು ಬೆನ್ನ ಹಿಂದೆ ಅಡಗಿಸಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹುಡುಗರ ಮುಷ್ಟಿ ಬಿಡಿಸಿದ್ದ ಮೇಷ್ಟ್ರು ಈಗ ತಾವೇ ಸಿಕ್ಕಿಬಿದ್ದಿದ್ದರು. ಬೆರಳ ಸಂದಿಯಿಂದ ನಾಲ್ಕು ಡಿಎಪಿ ಗೊಬ್ಬರದ ಕಾಳು ತಾರಸಿಯ ಮೇಲೆ ಉದುರಿದವು. ಸೊಸೆಯೇನೂ ಬರಿಗೈಯಲ್ಲಿ ಬಂದಿರಲಿಲ್ಲ. ಅವಳ ಮಗ್ಗಿನಲ್ಲಿ ಮೂರು ದಿನ ನೆನೆದು ನಾರುತ್ತಿದ್ದ ಕಡಲೆಕಾಯಿ ಹಿಂಡಿಯ ನೀರಿತ್ತು.

ಇಬ್ಬರ ನಡುವೆ ಅತ್ತೆ ಜಗದಾಂಬಾ ಅವರ ಗುಲಾಬಿ ಕುಂಡ. ಎಲೆಗಳ ಅಂಚು ಸೀದ ದೋಸೆಯಂತೆ ಕಂದಿತ್ತು.

ಮಗಳ ಬಾಣಂತನಕ್ಕೆಂದು ಅತ್ತೆ ಹಾವೇರಿಗೆ ಹೋಗಿ ಎರಡು ತಿಂಗಳಾಗಿತ್ತು. ಶಿವರಂಜನಿ ಮದುವೆಯಾಗಿ ಬಸವೇಶ್ವರನಗರದ ಈ ಮನೆಗೆ ಬಂದು ವರ್ಷವಾದರೂ ಒಗ್ಗರಣೆ ಸೌಟನ್ನು ಅವಳ ಕೈಗೆ ಕೊಡದ ಅತ್ತೆ, ರೈಲು ಹತ್ತುವಾಗ ತಮ್ಮ ತವರಿನಿಂದ ತಂದು ಬೆಳೆಸಿದ್ದ ಆ ಗಿಡವನ್ನು ಮಾತ್ರ ಅವಳಿಗೆ ಒಪ್ಪಿಸಿದ್ದರು. "ಅದನ್ನ ಉಪಾಸ ಕೆಡವಬ್ಯಾಡ ನೋಡವಾ." ಅದು ಯಾರನ್ನೂ ಉಪವಾಸ ಕೆಡವುವ ಮನೆಯೂ ಅಲ್ಲ. ಊಟಕ್ಕೆ ಕೂತವರು ಸಾಕು ಎಂದರೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು, ಶಿವರಂಜನಿ ತುಟಿ ಪಿಟಕ್ಕೆನ್ನದೆ ತಿನ್ನುತ್ತಿದ್ದಳು. ಗಿಡಕ್ಕೂ ಹಾಗೆಯೇ ಉಣ್ಣಿಸಿದಳು. ಎಲೆ ಹಳದಿಯಾದಷ್ಟೂ ಹೆಚ್ಚು ಉಣ್ಣಿಸಿದಳು.

"ನೀವು ಯಾವಾಗಿಂದ ಹಾಕ್ತಿದೀರಾ ಮಾವ?"

"ಎಲಿ ಹಳದಿ ಆದಾಗಿಂದ. ದಿನಾ ಒಂದ್ ಚಿಟಿಕಿ," ಎಂದರು ಗುರುಸಿದ್ದಯ್ಯ, ತಲೆ ತಗ್ಗಿಸಿ. "ಅಕಿ ಬಂದು ನಿನಗ ಏನರ ಅಂದಾಳು ಅಂತ."

ಶಿವರಂಜನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಇಷ್ಟು ದಿನ ತನ್ನ ಕೈಗುಣವೇ ಸರಿಯಿಲ್ಲವೆಂದು ಅವಳು ಒಳಗೊಳಗೇ ಕೊರಗಿದ್ದಳು.

ಅಂದೇ ಇಬ್ಬರೂ ಶ್ರೀಗಂಧದ ಕಾವಲಿನ ನರ್ಸರಿಗೆ ಹೋದರು. ನರ್ಸರಿಯ ಸುಬ್ರಮಣಿ ಮೊಬೈಲಿನಲ್ಲಿ ಗಿಡದ ಫೋಟೋ ನೋಡಿದವನೇ ನಕ್ಕುಬಿಟ್ಟ.

"ಹಸಿವಲ್ಲ ಮೇಡಂ ಇದು, ಅಜೀರ್ಣ. ಮಣ್ಣಿನ ಮೇಲೆ ಬಿಳೀ ಉಪ್ಪು ಕಟ್ಟೈತೆ ನೋಡಿ. ಕುಂಡದ ತೂತು ಬಿಡಿಸಿ, ಬರೀ ನೀರು ನಾಲ್ಕೈದು ಬಿಂದಿಗೆ ಹುಯ್ದು ಎಲ್ಲಾ ಇಳಿಸ್ಬಿಡಿ. ಆಮೇಲೆ ಮಣ್ಣು ಒಣಗಿದಾಗ ನೀರು ಅಷ್ಟೇ. ಚಿಗುರು ಬಂದು ಗಟ್ಟಿಯಾಗೋವರ್ಗೂ ಏನೂ ಹಾಕ್ಬೇಡಿ."

"ಸ್ವಲ್ಪ ಮಜ್ಜಿಗಿ?" ಗುರುಸಿದ್ದಯ್ಯ ಚೌಕಾಸಿಗಿಳಿದರು.

"ಮಜ್ಜಿಗೇನೂ ಬೇಡ ಸಾರ್."

ಏನೂ ಮಾಡದಿರುವುದು ಎಷ್ಟು ಕಷ್ಟವೆಂದು ಮುಂದಿನ ಮೂರು ವಾರ ಇಬ್ಬರಿಗೂ ಗೊತ್ತಾಯಿತು. ಒಬ್ಬರು ತಾರಸಿ ಹತ್ತಿದರೆ ಇನ್ನೊಬ್ಬರು ಕಾವಲಿಗೆ ಹಿಂದೆಯೇ ಹತ್ತುತ್ತಿದ್ದರು. ಇದ್ದ ಎಲೆಯೂ ಉದುರಿ ಬರೀ ಕಡ್ಡಿ ಉಳಿಯಿತು. ಅತ್ತೆ ವಿಡಿಯೋ ಕಾಲ್ ಮಾಡಿ ಗಿಡ ತೋರಿಸೆಂದಾಗಲೆಲ್ಲ ತಾರಸಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತಿತ್ತು.

ಭಾನುವಾರ ಬೆಳಿಗ್ಗೆ ಬಂದಿಳಿದ ಜಗದಾಂಬಾ, ಚಹಾ ಕೂಡ ಕುಡಿಯದೆ ಕೈಚೀಲ ಹಿಡಿದು ನೇರ ತಾರಸಿಗೆ ಹತ್ತಿದರು. ಕಡ್ಡಿಗಳ ಮುಂದೆ ಗರಬಡಿದವರಂತೆ ನಿಂತರು.

"ನಂದೇ ತಪ್ಪು ಅತ್ತೆ. ಗೊಬ್ಬರ ಜಾಸ್ತಿ ಹಾಕ್ಬಿಟ್ಟೆ."

"ಅಕಿದಲ್ಲ, ನಂದು," ಎಂದರು ಗುರುಸಿದ್ದಯ್ಯ.

ಜಗದಾಂಬಾ ಯಾರ ಮಾತೂ ಕೇಳುವ ಸ್ಥಿತಿಯಲ್ಲಿರಲಿಲ್ಲ. "ಯಪ್ಪಾ ಶಿವನ, ಎಷ್ಟ್ ಸೊರಗೇತಿ!" ಎನ್ನುತ್ತ ಚೀಲದ ಗಂಟು ಬಿಚ್ಚಿ, ಹಾವೇರಿಯಿಂದ ತಂದಿದ್ದ ಕುರಿಗೊಬ್ಬರವನ್ನು ಬೊಗಸೆ ತುಂಬ ತೆಗೆದರು.

"ಬೇಡ ಅತ್ತೆ!"

ಶಿವರಂಜನಿ ಅವರ ಮಣಿಕಟ್ಟು ಹಿಡಿದೇಬಿಟ್ಟಿದ್ದಳು. ಆ ಮನೆಯಲ್ಲಿ ಅವಳು ಬೇಡವೆಂದು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಹಿಡಿದ ಕೈ ಬಿಡಲಿಲ್ಲ. "ಅದಕ್ಕೆ ಸಾಕಾಗಿದೆ ಅತ್ತೆ. ಇಲ್ಲಿ ನೋಡಿ."

ಬುಡದ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರಿತ್ತು. ಜಗದಾಂಬಾ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು, ಬಹಳ ಹೊತ್ತು ನೋಡಿದರು. ಆಮೇಲೆ ಗೊಬ್ಬರವನ್ನು ಚೀಲಕ್ಕೆ ಸುರಿದು ಗಂಟು ಕಟ್ಟಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಶಿವರಂಜನಿಯ ತಟ್ಟೆಯ ಮೇಲೆ ಎಂದಿನಂತೆ ಮೂರನೆಯ ರೊಟ್ಟಿ ಬಂತು.

"ಸಾಕು ಅತ್ತೆ."

ಜಗದಾಂಬಾ ಅವರ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ರೊಟ್ಟಿ ಗುರುಸಿದ್ದಯ್ಯನವರ ತಟ್ಟೆಗೆ ಹೋಯಿತು.