ಗೋಡೆ ದಾಟಿದ ವೈರು

"ಇನ್ನೊಂಚೂರು ಎಳೀರಿ, ಸಾಲುತ್ತೆ," ಎನ್ನುತ್ತ ಸತ್ತವನ ದೊಡ್ಡಪ್ಪನ ಮಗ ನೆಲಕ್ಕೆ ಬಗ್ಗಿ ವೈರು ಎಳೆಯುತ್ತಿದ್ದ. ಬಾಡಿಗೆಗೆ ತಂದ ಗಾಜಿನ ತಣ್ಣನೆ ಪೆಟ್ಟಿಗೆ ನಡುಮನೆಯನ್ನೆಲ್ಲ ಆಕ್ರಮಿಸಿ ಕೂತಿತ್ತು. ಅದರೊಳಗೆ ಸತ್ತವನು, ಕನ್ನಡಕವಿಲ್ಲದೆ, ಬೇರೆ ಯಾರೋ ಎಂಬಂತೆ ಮಲಗಿದ್ದ. ಪೆಟ್ಟಿಗೆಯ ಪ್ಲಗ್ಗು ದಪ್ಪ ಪಿನ್ನಿನದು, ಮನೆಯ ಯಾವ ಸಾಕೆಟ್ಟಿಗೂ ಹೋಗಲೊಲ್ಲದು. ಹಿಂದಿನ ಕೋಣೆಯಲ್ಲಿ ಮಾತ್ರ ಒಂದು ದೊಡ್ಡ ಸಾಕೆಟ್ಟಿತ್ತು, ಅದರಲ್ಲಿ ಆಗಲೇ ಏನೋ ಸಿಕ್ಕಿಸಿತ್ತು. ದೊಡ್ಡಪ್ಪನ ಮಗ ಅದನ್ನು ಕಿತ್ತು ಇದನ್ನು ಸಿಕ್ಕಿಸಿದ. ಸಾವಿನ ಮನೆಯಲ್ಲಿ ಎಲ್ಲ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳುವ ನೆಂಟನೊಬ್ಬ ಇದ್ದೇ ಇರುತ್ತಾನಲ್ಲ, ಈ ಮನೆಗೆ ಅವನು.

ಸತ್ತವನ ಅಕ್ಕ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಇದ್ದಕ್ಕಿದ್ದಂತೆ ಮನೆ ಹಗುರಾದ ಹಾಗೆ ಅನ್ನಿಸಿತು. ಆಸ್ಪತ್ರೆಯ ಬೆಂಚಿನ ಮೇಲೆ ವಾರಗಟ್ಟಲೆ ಕೂತೆದ್ದು ಬಂದ ಮೈ ಅವಳದು. ಅಳು ಕೂಡ, ಆಮೇಲೆ ನೋಡೋಣ ಎಂದು ಎಲ್ಲೋ ಪಕ್ಕಕ್ಕೆ ಸರಿದು ಕೂತಿತ್ತು. ಏನೋ ಒಂದು ನಿಂತಿದೆ, ನಿಂತದ್ದು ಹಿತವಾಗಿದೆ, ಅಷ್ಟೇ ಗೊತ್ತಾಯಿತು. ಲೋಟಗಳನ್ನು ಬೋರಲು ಹಾಕಿ, ಬಂದವರಿಗೆ ಕುರ್ಚಿ ಎಳೆದುಕೊಟ್ಟು, ಯಾರೋ ಹೇಳಿದ ಸಮಾಧಾನಕ್ಕೆಲ್ಲ ತಲೆಯಾಡಿಸಿ, ಬಹಳ ಹೊತ್ತಾದ ಮೇಲೆ ಅವಳಿಗೆ ಹೊಳೆಯಿತು. ನಿಂತದ್ದು ತಮ್ಮನ ಫ್ರೀಜರಿನ ಸದ್ದು. ಹಿಂದಿನ ಕೋಣೆಗೆ ಓಡಿ ನೋಡಿದರೆ ಅದರ ಬಾಗಿಲ ಕೆಳಗಿನಿಂದ ಸಣ್ಣದೊಂದು ನೀರಿನ ಗೆರೆ ಹೊಸ್ತಿಲವರೆಗೂ ಹರಿದು ಬಂದಿತ್ತು.

*

ಅವಳ ತಮ್ಮ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದವನು. ಹೆಂಡತಿ ತೀರಿಕೊಂಡಾಗ ಮಗು ಚಿಕ್ಕದು, ಅಕ್ಕ ಬಂದು ಮನೆ ನಡೆಸಿದಳು, ಬಂದವಳು ಹಿಂದಿರುಗಲಿಲ್ಲ. ಅವನು ನಿವೃತ್ತನಾದ ವರ್ಷವೇ ಕಾಲೇಜಿನವರು ಪ್ರಯೋಗಶಾಲೆ ಮುಚ್ಚಿದರು. ಗುಜರಿಗೆ ಹೊರಟಿದ್ದ ಹಳೆಯ ಫ್ರೀಜರನ್ನು ಅವನು ಲಾರಿಯಲ್ಲಿ ಹೇರಿಕೊಂಡು ಮನೆಗೆ ತಂದ. ಬೀರುವಿಗಿಂತ ದೊಡ್ಡದು, ಬಾಗಿಲಿನ ಚೌಕಟ್ಟು ಬಿಚ್ಚಿ ಒಳಗೆ ತಳ್ಳಬೇಕಾಯಿತು. ಅದರ ತುಂಬ ಬೆರಳುದ್ದದ ನಳಿಕೆಗಳು. ಆಸ್ಪತ್ರೆಯ ಹಿಂದಿನ ಮೋರಿಯಿಂದ ವರ್ಷವರ್ಷವೂ ಹಿಡಿದು ತಂದ ಬ್ಯಾಕ್ಟೀರಿಯಾಗಳನ್ನು ಅವುಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ.

"ಮೋರಿ ನೀರನ್ನ ಮನೆಗೆ ತಂದೆಯಲ್ಲೋ," ಎಂದು ಅಕ್ಕ ರೇಗಿದ್ದಳು.

"ನೀರಲ್ಲ ಅಕ್ಕ, ಅದರಲ್ಲಿದ್ದವರು," ಎಂದಿದ್ದ. ಅವನ ಬಾಯಲ್ಲಿ ಅವು ಯಾವಾಗಲೂ 'ಅವರು'.

ಅವರೊಳಗೆ ಒಂದು ಜೀನಿನ ತುಣುಕಿದೆಯಂತೆ, ಅದಕ್ಕೆ ಕೂತಲ್ಲಿ ಕೂರಲು ಬರುವುದಿಲ್ಲವಂತೆ. ಇದ್ದಲ್ಲಿಂದ ಜಿಗಿದು ಇನ್ನೆಲ್ಲೋ ನಡುವೆ ತೂರಿಕೊಳ್ಳುತ್ತದೆ, ಒಮ್ಮೊಮ್ಮೆ ಅಲ್ಲಿಯ ಕೆಲಸವನ್ನೇ ಕೆಡಿಸುತ್ತದೆ, ಒಮ್ಮೊಮ್ಮೆ ಅಕ್ಕಪಕ್ಕದ್ದನ್ನೂ ಎಳೆದುಕೊಂಡು ಹೊರಡುತ್ತದೆ. ಔಷಧಿಗೆ ಬಗ್ಗದ ಗುಣ ಅದರ ಬೆನ್ನೇರಿಯೇ ಊರು ಸುತ್ತುವುದು. ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳುತ್ತಿದ್ದ, ಅಕ್ಕ ಅರ್ಧ ಕಿವಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ಮಾತು ಮಾತ್ರ ನೆನಪಿನಲ್ಲಿ ಉಳಿದಿತ್ತು.

"ನಾವು ಏನಿದ್ರೂ ಮಕ್ಕಳಿಗೆ ಕೊಟ್ಟು ಹೋಗ್ತೀವಿ. ಇವರು ಪಕ್ಕದವರಿಗೂ ಕೊಡ್ತಾರೆ ಅಕ್ಕ. ನೆಂಟಸ್ತಿಕೆ ಇಲ್ಲ, ವಂಶ ಬೇರೆ, ಆದ್ರೂ ನಡುವೆ ಒಂದು ಸಣ್ಣ ಕೊಳವೆ ಚಾಚಿ ದಾಟಿಸಿಬಿಡ್ತಾರೆ."

"ಹಾಗಾದ್ರೆ ನಿನಗಿಂತ ವಾಸಿ ಬಿಡು. ನೀನು ಪಕ್ಕದ ಮನೆಯವರ ಮುಖಾನೂ ನೋಡಲ್ಲ."

ಪಕ್ಕದ ಮನೆಯವನು ದರ್ಜಿ. ಫ್ರೀಜರಿನ ಮೋಟಾರು ಶುರುವಾದಾಗಲೆಲ್ಲ ಅವನ ಮಿಷನ್ನಿನ ದೀಪ ಮಂಕಾಗುತ್ತಿತ್ತು, ಹೊಲಿಗೆ ಸೊಟ್ಟಗಾಗುತ್ತಿತ್ತು. ಮೊದಲು ಬಂದು ಹೇಳಿದ, ಆಮೇಲೆ ಕೂಗಾಡಿದ, ಕೊನೆಗೆ ಮರದ ಅಳತೆಕೋಲಿನಿಂದ ಗೋಡೆ ಕುಟ್ಟುವುದಕ್ಕೆ ಇಳಿದ. ತಮ್ಮನೂ ಹಟಮಾರಿಯೇ. ಮಾತು ನಿಂತು ವರ್ಷಗಳಾಗಿದ್ದವು, ಗೋಡೆ ಕುಟ್ಟುವುದು ಮಾತ್ರ ನಿಂತಿರಲಿಲ್ಲ.

ಈಗ ಮೋರಿಯಲ್ಲಿರುವ 'ಅವರೆಲ್ಲರ' ಹತ್ತಿರವೂ ಆ ಜೀನಿನ ತುಣುಕಿದೆ, ಯಾರು ಯಾರಿಗೆ ದಾಟಿಸಿದರು, ದಾರಿಯಲ್ಲಿ ಅದು ಹೇಗೆ ಬದಲಾಯಿತು ಅನ್ನುವುದನ್ನು ಹಳೆಯ ನಳಿಕೆಗಳಷ್ಟೇ ಹೇಳಬಲ್ಲವು ಎಂದು ಅವನ ನಂಬಿಕೆ. ಯಾರೂ ಕೇಳಲಿಲ್ಲ. ಬರೆದು ಕಳಿಸಿದ್ದೆಲ್ಲ ವಾಪಸು ಬಂತು. ಕಳೆದ ತಿಂಗಳು, ದೂರದ ಸಂಸ್ಥೆಯೊಂದರಲ್ಲಿದ್ದ ಹಳೆಯ ಶಿಷ್ಯೆ ಫೋನು ಮಾಡಿ, ಅವು ಇನ್ನೂ ಇವೆಯಾ ಸರ್, ನಾನು ಬಂದು ಒಯ್ಯುತ್ತೇನೆ ಅಂದಳು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಅಕ್ಕನ ಕೈ ಹಿಡಿದುಕೊಂಡಿದ್ದ.

"ಕೇಳಿದ್ಲು ಅಕ್ಕ. ಅವಳು ಬರೋವರೆಗೆ ಕರಗದ ಹಾಗೆ ನೋಡ್ಕೋ."

ಇಷ್ಟು ವರ್ಷಗಳಲ್ಲಿ ಅವನು ಅವಳನ್ನು ಏನಾದರೂ ಬೇಕೆಂದು ಕೇಳಿದ್ದು ಅದೊಂದೇ.

*

ಅಕ್ಕ ಶಿಷ್ಯೆಗೆ ಫೋನು ಮಾಡಿದಳು. ಬಾಗಿಲು ತೆಗೆಯಲೇಬೇಡಿ ಎಂದು ಶಿಷ್ಯೆ ಹೇಳಿದಳು. ಹೊಸ ಫ್ರೀಜರಾಗಿದ್ದರೆ ಒಂದು ದಿನ ತಡೆದೀತು, ಬಾಗಿಲಲ್ಲಿ ನೀರು ಬರುತ್ತಿದ್ದರೆ ಇದು ಮಧ್ಯಾಹ್ನ ದಾಟುವುದಿಲ್ಲ. ಕರಗಿದರೆ ಎಷ್ಟೋ ಸಾಯುತ್ತವೆ. ಉಳಿದವು ಬೆಳೆಯತೊಡಗಿ ಬದಲಾಗಿಬಿಡುತ್ತವೆ. ಆಮೇಲೆ, "ನಾನು ಸುಳ್ಳು ಹೇಳಲ್ಲ ಅಮ್ಮ, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ದೇನೂ ಇರಬಹುದು. ನೋಡೋವರೆಗೆ ಗೊತ್ತಾಗಲ್ಲ," ಅಂದಳು.

ದೊಡ್ಡಪ್ಪನ ಮಗ ಕಿವಿ ಕೆರೆದುಕೊಂಡು, ಎರಡನ್ನೂ ಒಂದೇ ಸಾಕೆಟ್ಟಿಗೆ ಹೇಗೋ ಸೇರಿಸಿ ನೋಡಿದ. ಫ್ಯೂಸು ಹಾರಿ ಮನೆಯೇ ಕತ್ತಲಾಯಿತು. ಪೆಟ್ಟಿಗೆ ತಂದವನು ಫ್ಯೂಸು ಕಟ್ಟಿಕೊಟ್ಟು, ಈ ಮನೆಯ ವೈರು ಎರಡರ ಭಾರ ಹೊರುವುದಿಲ್ಲ, ಯಾವುದು ಬೇಕೋ ನೀವೇ ಹೇಳಿ ಅಂದ.

ಹೇಳಬೇಕಾದವಳು ಅಕ್ಕ. ಹೊರಗೆ ಬಿಸಿಲು ಬೆಂಕಿಯಾಗಿತ್ತು. ಸತ್ತವನ ಮಗಳು ಬರುವುದು ಸಂಜೆಯ ರೈಲಿಗೆ.

"ಈ ಸೆಕೆಯಲ್ಲಿ ಸಂಜೆವರೆಗೆ ಹೆಣ ಏನಾಗುತ್ತೆ ಗೊತ್ತಾ ನಿನಗೆ?" ದೊಡ್ಡಪ್ಪನ ಮಗ ದನಿ ತಗ್ಗಿಸಿದ. "ಅಪ್ಪನ ಮುಖ ನೋಡೋಕೆ ಅಂತ ಬರ್ತಿದಾಳೆ ಹುಡುಗಿ. ಏನು ತೋರಿಸ್ತೀಯ ಅವಳಿಗೆ?"

ಆ ಹುಡುಗಿಯನ್ನು ಎತ್ತಿ ಆಡಿಸಿದವಳಿಗೆ ಅದು ಗೊತ್ತಿರಲಿಲ್ಲವೇ? ಅಕ್ಕನಿಗೆ ತಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ತು ತಾನು ಆರಾಮಾಗಿ ಮಲಗಿದ್ದಾನೆ, ಇಂಥದ್ದನ್ನು ನನ್ನ ಕುತ್ತಿಗೆಗೆ ಕಟ್ಟಿ. ಎಲ್ಲವನ್ನೂ ಬಿಟ್ಟು ಹೋಗಿ ಎಲ್ಲಾದರೂ ಒರಗಿಕೊಳ್ಳಬೇಕು ಅನ್ನಿಸಿತು. ಗಾಜಿನೊಳಗಿನ ಮುಖವನ್ನು ಒಮ್ಮೆ ನೋಡಿದಳು, ಹಿಂದಿನ ಕೋಣೆಯ ನೀರಿನ ಗೆರೆಯನ್ನು ಒಮ್ಮೆ ನೋಡಿದಳು.

"ಪೆಟ್ಟಿಗೇದು ತೆಗಿ," ಅಂದಳು.

"ತಲೆ ನೆಟ್ಟಗಿದೆಯಾ ನಿನಗೆ?"

"ಅವನು ಸತ್ತಾಗಿದೆ. ಅವರು ಇನ್ನೂ ಸತ್ತಿಲ್ಲ. ತೆಗಿ. ಮಗಳಿಗೆ ನಾನು ಹೇಳ್ಕೋತೀನಿ."

ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ಬೆಳಿಗ್ಗೆಯಿಂದ ಗೇಟಿನ ಹತ್ತಿರದ ಕೊನೆಯ ಕುರ್ಚಿಯಲ್ಲಿ, ಕೊರಳಲ್ಲಿ ಇಂಚುಪಟ್ಟಿ ಹಾಕಿಕೊಂಡೇ, ಬಂದ ತಪ್ಪಿಗೆ ಎಂಬಂತೆ ಕೂತಿದ್ದ ದರ್ಜಿ ಆಗ ಬಾಯಿ ಬಿಟ್ಟ.

"ಎಷ್ಟೊತ್ತು ಬೇಕು?"

ಕೇಳಿದ್ದು ತನ್ನನ್ನೇ ಎಂದು ಅಕ್ಕನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಂಜೆವರೆಗೆ, ಈ ಪೆಟ್ಟಿಗೆ ಹೋಗುವವರೆಗೆ ಅಂದಳು. ಅವನು ಎದ್ದು ಹೊರಟುಹೋದ. ನೋಡು, ಇದ್ದ ಒಬ್ಬನೂ ಎದ್ದುಹೋದ ಎಂದು ದೊಡ್ಡಪ್ಪನ ಮಗ ಗೊಣಗುತ್ತ ಪ್ಲಗ್ಗಿಗೆ ಕೈ ಹಾಕಿದ.

ಅಷ್ಟರಲ್ಲಿ ಹಿತ್ತಲಲ್ಲಿ ಏನೋ ಧೊಪ್ಪೆಂದಿತು. ಕಾಂಪೌಂಡು ಗೋಡೆಯ ಮೇಲಿಂದ ದಪ್ಪನೆಯ ವೈರೊಂದು ಇಳಿಬಿದ್ದಿತ್ತು. ಆಚೆಗೆ ಸ್ಟೂಲಿನ ಮೇಲೆ ನಿಂತ ದರ್ಜಿಯ ತಲೆಯಷ್ಟೇ ಕಾಣುತ್ತಿತ್ತು.

"ಇಸ್ತ್ರಿ ಪೆಟ್ಟಿಗೆ ಸಾಕೆಟ್ಟಿಂದು. ಹಿಡ್ಕೊಳ್ಳಿ. ಸಂಜೆ ವಾಪಸ್ ಬೇಕು ಮತ್ತೆ, ನಾಳೆ ಬೆಳಿಗ್ಗೆ ಕೊಡೋ ಬಟ್ಟೆ ಇದೆ."

ಅಕ್ಕ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಿಟಕಿಯಿಂದ ಒಳಗೆಳೆದು ಸಿಕ್ಕಿಸಿದಾಗ ಫ್ರೀಜರು ನರಳಿ, ನಡುಗಿ, ಮತ್ತೆ ತನ್ನ ಹಳೆಯ ರಾಗ ಹಿಡಿಯಿತು. ಆಗ ಅವಳಿಗೆ ಅಳು ಬಂತು. ಅದಕ್ಕೆ ಮುಖ ಆನಿಸಿ, ಯಾರು ನೋಡಿದರೂ ಸರಿ ಎಂದು ಅತ್ತಳು.

*

ಮಗಳು ಬಂದಳು. ಗಾಜಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತು, "ಅತ್ತೆ, ಕನ್ನಡಕ ಎಲ್ಲಿ?" ಎಂದು ಕೇಳಿದಳು. ಅಕ್ಕ ಆಸ್ಪತ್ರೆಯ ಚೀಲದಿಂದ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿದ ಮೇಲೆ ಅವನು ಅವನಾದ. ದೊಡ್ಡಪ್ಪನ ಮಗ ಬೆಳಗಿನ ಕತೆಯನ್ನೆಲ್ಲ ಚಾಡಿಯ ಹಾಗೆ ಒಪ್ಪಿಸಿದ. ಮಗಳು ಕೇಳಿ, ಅಪ್ಪ ಆಗಿದ್ರೂ ಅದನ್ನೇ ಮಾಡ್ತಿದ್ರು ಅಂದಳು.

ಹೆಣ ಹೋಯಿತು, ಪೆಟ್ಟಿಗೆಯೂ ಹೋಯಿತು. ದೊಡ್ಡ ಸಾಕೆಟ್ಟು ಖಾಲಿಯಾಯಿತು. ವೈರು ವಾಪಸು ಕೊಡಬೇಕು ಎಂದುಕೊಳ್ಳುತ್ತಲೇ ಅಕ್ಕ ಹಿಂದಿನ ಕೋಣೆಯ ನೆಲದ ಮೇಲೆ ಕೂತಳು, ಫ್ರೀಜರಿಗೆ ಬೆನ್ನು ಕೊಟ್ಟಳು, ಹಾಗೆಯೇ ನಿದ್ದೆ ಹೋದಳು.

ಎಚ್ಚರವಾದಾಗ ರಾತ್ರಿಯಾಗಿತ್ತು. ಗಡಬಡಿಸಿ ಎದ್ದು, ಕರೆದು ಹೇಳೋಣವೆಂದು ಹಿತ್ತಲಿನ ಕಲ್ಲು ಹತ್ತಿ ಗೋಡೆಯಾಚೆ ಇಣುಕಿದಳು. ವೈರು ಹಾಕಿದ ಹಾಗೇ ಇತ್ತು. ದರ್ಜಿಯ ಕಿಟಕಿಯಲ್ಲಿ ದೀಪ ಹತ್ತಿತ್ತು. ಅವನು ಕುದಿನೀರು ತುಂಬಿದ ಪಾತ್ರೆಯೊಂದನ್ನು ಬಟ್ಟೆ ಸುತ್ತಿ ಹಿಡಿದು, ಅದರ ತಳದಿಂದ ಒಂದು ಬಿಳಿ ಅಂಗಿಯ ಸುಕ್ಕು ತೀಡುತ್ತಿದ್ದ.

ಅವಳ ಬೆನ್ನ ಹಿಂದೆ ಮೋಟಾರು ಶುರುವಾಯಿತು. ಅವನ ದೀಪ ಮಂಕಾಯಿತು. ದರ್ಜಿ ಪಾತ್ರೆಯನ್ನು ಅಂಗಿಯ ಮೇಲಿಂದ ಎತ್ತಿ ಹಿಡಿದು, ಬೆಳಕು ಪೂರಾ ವಾಪಸು ಬರುವವರೆಗೆ ಹಾಗೇ ಕಾದು ನಿಂತ. ಆಮೇಲೆ ಕಾಲರಿನ ಮೇಲೆ ಇಟ್ಟು ತೀಡಿದ.