ಕೆಮ್ಮಕ್ಕ

“ತನ್ನ ಮನೆಗೆ ತಾನೇ ಕೆಮ್ಮಿ ಹೋಗೋಳು” ಎಂದು ನೆರೆಹೊರೆಯವರು ಕೆಮ್ಮಕ್ಕನನ್ನು ಆಡಿಕೊಳ್ಳುತ್ತಿದ್ದರು. ಮಾತು ಸುಳ್ಳಲ್ಲ. ಒಂಟಿ ಹೆಂಗಸು, ಒಳಗೆ ಒಂದು ಬೆಕ್ಕೂ ಇಲ್ಲ. ಆದರೂ ಬೀಗ ತೆಗೆದು, ಹೊಸ್ತಿಲಾಚೆ ನಿಂತು ಎರಡು ಸಲ ಕೆಮ್ಮಿ, ಚಪ್ಪಲಿಯನ್ನು ಟಪಟಪನೆ ಬಡಿದೇ ಕಾಲಿಡುವಳು. ಕ್ಷಯ ಎಂದರು ಕೆಲವರು, ದೆವ್ವ ಓಡಿಸ್ತಾಳೆ ಎಂದರು ಕೆಲವರು. ನಿಜ ಸಂಗತಿಯೆಂದರೆ, ಬಾಲ್ಯವೆಲ್ಲ ಸದ್ದಿಲ್ಲದೆ ಬರುತ್ತಿದ್ದ ಒಂದು ಹೆಜ್ಜೆಗೆ ಹೆದರಿ ಹೆದರಿ ಬೆಳೆದವಳು, ತನ್ನ ಹೆಜ್ಜೆ ಖಾಲಿ ಗೋಡೆಯನ್ನೂ ಬೆಚ್ಚಿಬೀಳಿಸಬಾರದೆಂಬ ವ್ರತ ಹಿಡಿದಿದ್ದಳು.

ಕಸುಬು ಲಾಂಡ್ರಿಯದು. ಲಾಡ್ಜುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡಿ ಕೊಡುವ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ರಜೆಯ ಮಧ್ಯಾಹ್ನ ಐದಾರು ಜನ ಹರೆಯದವರು ಸೇರುತ್ತಿದ್ದರು. ಎಲ್ಲರೂ ಎಳವೆಯಲ್ಲಿ ಮನೆಯೊಳಗೇ ಏಟು ತಿಂದವರು, ಏಟಿಗಿಂತ ಕೆಟ್ಟದ್ದನ್ನು ಉಂಡವರು. ದೊಡ್ಡ ಬೆಡ್‌ಶೀಟು ಮಡಚಲು ಇಬ್ಬರು ಬೇಕು: ಎರಡೆರಡು ತುದಿ ಹಿಡಿದು ದೂರ ನಿಲ್ಲುವುದು, ಸೆಳೆದು ಬಿಗಿಮಾಡುವುದು, ಹತ್ತಿರ ಬಂದು ತುದಿ ಒಪ್ಪಿಸಿ ಮತ್ತೆ ಹಿಂದೆ ಸರಿಯುವುದು. ಕೈ ಸೋಕಿದರೆ ನಡುಗುತ್ತಿದ್ದವರು ಆ ಬಿಳಿ ಬಟ್ಟೆಯ ಮರೆಯಲ್ಲಿ ಮೊದಲು ಬೆರಳು ತಾಗಿಸಲು ಕಲಿತರು, ಆಮೇಲೆ ಮಾತಾಡಲು. ಒಬ್ಬರು ಹೇಳಿದ್ದಕ್ಕೆ ಆಚೆ ತುದಿಯವರು “ನಂಗೂ ಹಂಗೇ” ಅಂದರೆ ಸಾಕು; ಅದಕ್ಕಿಂತ ದೊಡ್ಡ ಔಷಧ ಅಲ್ಲಿರಲಿಲ್ಲ.

ಕೆಮ್ಮಕ್ಕನ ಕಟ್ಟಳೆ ಒಂದೇ. “ಹೇಳಿದ್ರೆ ಕೇಳಿಸ್ಕೊಳ್ಳಿ, ಹೇಳ್ದಿದ್ರೆ ಕೆದಕ್ಬೇಡಿ. ಕೆದಕಿದೋರನ್ನ ನಾವು ಬೇಕಾದಷ್ಟು ಕಂಡಿದೀವಿ.”

ಆ ಕಟ್ಟಳೆಯೇ ಮುಳುವಾಯಿತು. ಗುಂಪಿನಲ್ಲಿ ಕಿರಿಯಳು ಹತ್ತೊಂಬತ್ತರ ಹುಡುಗಿ. ಮಾತೆಲ್ಲ ಪಿಸುಪಿಸು, ಅದಕ್ಕೇ ‘ಇರುವೆ’ ಎಂಬ ಅಡ್ಡಹೆಸರು. ಮಲತಂದೆಯ ಮನೆಯಿಂದ ತಪ್ಪಿಸಿಕೊಂಡು ಬಂದವಳು. ಒಂದು ದಿನ ಕೆಮ್ಮಕ್ಕನ ಎದುರು ಬೆಡ್‌ಶೀಟು ಹಿಡಿದು, “ಅಮ್ಮಂಗೆ ಹುಷಾರಿಲ್ವಂತೆ ಅಕ್ಕ, ಹೋಗ್ತಿದೀನಿ” ಅಂದಳು. ಅವನು ಅಲ್ಲಿ ಇನ್ನೂ ಇದ್ದಾನೆಯೆ? ಪ್ರಶ್ನೆ ನಾಲಿಗೆಯವರೆಗೂ ಬಂದಿತ್ತು; ಕಟ್ಟಳೆ ನುಂಗಿಸಿತು. “ಹುಷಾರು ಮಗಾ” ಎಂದಷ್ಟೇ ಹೇಳಿ ಕೆಮ್ಮಕ್ಕ ತುದಿ ಒಪ್ಪಿಸಿಕೊಂಡಳು.

ತಿಂಗಳಾದ ಮೇಲೆ ಇರುವೆ ಫೋನಿಗೆ ಸಿಕ್ಕಳು. “ಅವ್ನು ಇಲ್ಲೇ ಇದಾನೆ. ನನ್ ಕೋಣೆ ಚಿಲಕ ಕಿತ್ತಿಟ್ಟಿದಾನೆ. ಪೊಲೀಸು ಅಂದ್ರೆ ಅಮ್ಮ ಅಳ್ತಾಳೆ. ಹಾಸಿಗೆ ಹಿಡಿದೋಳ್ನ ಬಿಟ್ಟು ಹೆಂಗ್ ಬರ್ಲಿ?”

ಗುಂಪಿನ ವೆಲ್ಡರ್ ಸಿಡಿದುಬಿದ್ದ. “ಕೇಳ್ಬೇಡಿ ಅಂದೋರು ನೀವೇ ಅಲ್ವಾ ಅಕ್ಕ? ಎಲ್ರ ಬಾಯಿಗೂ ಬೀಗ ಹಾಕಿದ್ರಿ!”

“ಹೌದಪ್ಪ. ಕೈಯಾರೆ ಕಳಿಸ್ದೆ.”

ತಾನು ಚಿಕ್ಕವಳಿದ್ದಾಗ ಬೀದಿಗೆ ಬೀದಿಯೇ ಕಂಡೂ ಕೇಳದೆ ಇದ್ದದ್ದು, ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡದ್ದು ಅವಳಿಗೆ ಆಗ ನೆನಪಾಯಿತು. ವಾರದೊಳಗೆ ಅಂಗಡಿಯನ್ನು ವೆಲ್ಡರನಿಗೆ ಒಪ್ಪಿಸಿದಳು.

“ಇರುವೆ ಮನೇಗೆ ಹೋಗ್ತೀನಿ. ಅವಳಮ್ಮನ ದೂರದ ತಂಗಿ, ಆರೈಕೆಗೆ ಬಂದೆ ಅಂತೀನಿ. ರಾತ್ರಿ ಹುಡುಗಿ ಪಕ್ಕ ಒಂದು ಚಾಪೆ ಹಾಕ್ಕೊಂಡು ಬಿದ್ದಿರ್ತೀನಿ.”

“ಅಂಥ ಮನೇಗಾ? ಈಗ್ಲೇ ಕೈ ನಡುಗ್ತಿದೆ ನಿಮ್ದು!”

“ಕೈ ನಡುಗ್ಲಿ ಬಿಡೋ. ನಡೆಯೋದು ಕಾಲಲ್ವಾ?”

ಎರಡು ವರ್ಷ ಕಳೆದು, ತಾಯಿ ತೀರಿದ ಮೇಲೆ, ಇರುವೆ ಒಬ್ಬಳೇ ಮರಳಿದಳು. ಕೆಮ್ಮಕ್ಕ ಆ ಮನೆ ಸೇರಿದ ದಿನದಿಂದ ಅವಳ ಮೈಮೇಲೆ ಒಂದು ಕೈಯೂ ಬಿದ್ದಿರಲಿಲ್ಲ. ಕೆಮ್ಮಕ್ಕ ತಾಯಿಯ ಹಿಂದೆಯೇ ಎದೆನೋವಿನಿಂದ ಅಲ್ಲೇ ಮಣ್ಣಾಗಿದ್ದಳು. ಲೋಕದಲ್ಲಿ ಇಂಥವರ ಜಾತಿಯೊಂದಿದೆ: ತಮ್ಮ ಗಾಯ ಮಾಯುವವರೆಗೆ ಕಾಯದೆ ಇನ್ನೊಬ್ಬರ ಮಗ್ಗುಲಲ್ಲಿ ಕೂರುತ್ತಾರೆ, ಬಲ್ಲವರಲ್ಲದ್ದರಿಂದ ತಪ್ಪು ಮಾಡುತ್ತಾರೆ, ತಪ್ಪು ಗೊತ್ತಾದ ದಿನ, ಎಂಥ ಮನೆಯಿಂದ ತಾವು ಓಡಿ ಬಂದಿದ್ದರೋ ಅಂಥದೇ ಮನೆಗೆ ತಿರುಗಿ ನಡೆಯುತ್ತಾರೆ.

ಎರಡು ವರ್ಷದ ಹಿಂದೆ, ಅವಳು ಇರುವೆಯ ಮನೆಗೆ ಹೊರಟ ಬೆಳಿಗ್ಗೆ ಬೀಳ್ಕೊಡಲು ನಾಲ್ವರು ಬಂದಿದ್ದರು. ಕೆಮ್ಮಕ್ಕ ಒಬ್ಬೊಬ್ಬರ ಮುಂದೆಯೂ ನಿಂತು ಕೇಳಿದಳು: “ನಿದ್ದೆ ಬರ್ತಿದ್ಯಾ? ಮನೇಲಿ ಯಾರ್ ಯಾರಿದಾರೆ? ಯಾರ್ನ ಕಂಡ್ರೆ ಭಯ?” ಉತ್ತರ ಬರುವವರೆಗೂ ಕದಲಲಿಲ್ಲ. ಕಡೆಗೆ ಕೊನೆಯವನೂ ಹೇಳಿದ. ಕೇಳಿಸಿಕೊಂಡು, ತಲೆಯಾಡಿಸಿ, ಚೀಲ ಹೆಗಲಿಗೇರಿಸಿ, ಅವಳು ಮೆಟ್ಟಿಲಿಳಿದು ಹೋದಳು.